ಘಂಟಾನಗರಿಯ ಕುರಿಗಳು

ಜವನಗೊಂಡನಹಳ್ಳಿಯ ಓಬಕ್ಕ ಶಪಥ ಮಾಡಿದ್ದು ಗಂಡನ ಹಾಲು-ತುಪ್ಪದ ದಿನ. ಇಡೀ ಬಳಗದ ಮುಂದೆ, ಒಂದು ಕಾಗೆಯನ್ನು ಸಾಕ್ಷಿಯಾಗಿಟ್ಟುಕೊಂಡು.

"ಆ ಪುಸ್ತಕ ನಾನೇ ಓದಿ ಮುಗಿಸ್ತೀನಿ! ಒಂದಕ್ಷರ ಬಿಡಲ್ಲ!"

ಓಬಕ್ಕ ಓದಿದ್ದು ಮೂರನೇ ಕ್ಲಾಸು. ಅದರಲ್ಲೂ ಮಳೆಗಾಲ ಪೂರ್ತಿ ಕುರಿಮರಿ ಕಾಯಲು ಹೋಗಿದ್ದಳು. ಆಮೇಲೆ ಅವಳು ಅಕ್ಷರ ಕೂಡಿಸಿ ಓದಿದ್ದೆಂದರೆ ಬಸ್ಸಿನ ಬೋರ್ಡು ಮಾತ್ರ. ಅದೂ ಓದಿ ಮುಗಿಯುವಷ್ಟರಲ್ಲಿ ಬಸ್ಸು ಹೋಗಿರುತ್ತಿತ್ತು.

ಆದರೂ ಶಪಥ ಮಾಡಿದಳು. ಮಾಡದೆ ದಾರಿಯಿರಲಿಲ್ಲ.

ಅವಳ ಗಂಡ ಕರಿಸಿದ್ದಪ್ಪ ಬೆಳಿಗ್ಗೆ ಕುರಿ ಬಿಡಲು ಹೋದವನು ಎದೆ ಹಿಡಿದುಕೊಂಡು ಹಟ್ಟಿಯ ಬಾಗಿಲಲ್ಲೇ ಕುಳಿತಿದ್ದ. ಓಬಕ್ಕ ನೀರು ತರುವಷ್ಟರಲ್ಲಿ ಮುಗಿದಿತ್ತು. ಹೊಲದ ಬದುವಿನಲ್ಲಿ ಮಣ್ಣು ಮಾಡಿದರು. ಮೂರನೇ ದಿನ ಮಣ್ಣಿನ ಗುಡ್ಡೆಯ ಮೇಲೆ ಹಾಲು ತುಪ್ಪ ಬಿಟ್ಟು, ಅವನಿಗೆ ಇಷ್ಟವಾದದ್ದನ್ನೆಲ್ಲ ಎಡೆ ಇಟ್ಟರು. ರಾಗಿಮುದ್ದೆ, ಹುರುಳಿ ಸಾರು, ಎಲೆ-ಅಡಿಕೆ, ಒಂದು ಕಟ್ಟು ಬೀಡಿ. ಎಲ್ಲರೂ ದೂರ ಸರಿದು ನಿಂತರು. ಇನ್ನು ಕಾಗೆ ಬಂದು ಮುಟ್ಟಬೇಕು. ಮುಟ್ಟಿದರೆ ಸತ್ತವನಿಗೆ ತೃಪ್ತಿ. ಮುಟ್ಟದಿದ್ದರೆ ಅವನಿಗೆ ಏನೋ ಆಸೆ ಉಳಿದಿದೆ ಎಂದು ಲೆಕ್ಕ.

ಕಾಗೆ ಬಂತು. ಜಾಲಿ ಮರದ ಮೇಲೆ ಕುಳಿತಿತು. ಎಡೆ ನೋಡಿತು. ಓಬಕ್ಕನನ್ನು ನೋಡಿತು. ರೆಕ್ಕೆ ಕೊಡವಿಕೊಂಡು ಸುಮ್ಮನಾಯಿತು.

ಮೈದುನ ಸಣ್ಣಪ್ಪ ಕೈಮುಗಿದು ಮುಂದೆ ಬಂದ. "ಅಣ್ಣಾ, ಕುರಿ ಚಿಂತೆ ಬಿಡು, ನಾನು ನೋಡ್ಕಂತೀನಿ!"

ಕಾಗೆ ಅಲುಗಲಿಲ್ಲ.

ಸೋದರಮಾವ ಚಿತ್ರಲಿಂಗಪ್ಪ ಗಂಟಲು ಸರಿ ಮಾಡಿಕೊಂಡರು. "ಲೇ ಕರಿಸಿದ್ದ, ಹೋದ ದೀಪಾವಳಿಯಾಗೆ ನಿನ್ನ ಬೈದಿದ್ದೆ. ತಪ್ಪಾತು ಕಣಪ್ಪ. ಉಣ್ಣು."

ಕಾಗೆ ಕೊಕ್ಕಿನಿಂದ ಕಂಕುಳು ಕೆರೆದುಕೊಂಡಿತು.

ಸಣ್ಣಪ್ಪನ ಹೆಂಡತಿ ಮಲ್ಲಕ್ಕ ಸೆರಗು ಕಣ್ಣಿಗೊತ್ತಿಕೊಂಡಳು. "ಭಾವಾ, ಅಕ್ಕನ್ನ ಹೂವಿನಂಗೆ ನೋಡ್ಕಂತೀವಿ ಭಾವಾ!"

ಕಾಗೆ ತಿರುಗಿ ಕುಳಿತು ಎಲ್ಲರಿಗೂ ಬೆನ್ನು ಹಾಕಿತು. ಮಲ್ಲಕ್ಕನ ಮಾತನ್ನು ಅದೂ ನಂಬಲಿಲ್ಲ!

ಬಿಸಿಲು ಏರಿತು. ಬಳಗದವರ ಹೊಟ್ಟೆ ಚುರುಗುಟ್ಟತೊಡಗಿತು. ಅವನು ಉಣ್ಣದೆ ಇವರು ಉಣ್ಣುವಂತಿಲ್ಲ. ಆಗ ಓಬಕ್ಕನಿಗೆ ಹೊಳೆಯಿತು. ಪುಸ್ತಕ! ಓದಿ ಮುಗಿಸದೇ ಹೋಗಿದ್ದಾನೆ! ಬಾಯಿಂದ ಶಪಥ ಹೊರಟೇಬಿಟ್ಟಿತು. ಕಾಗೆ ದಡಕ್ಕನೆ ಕೆಳಗಿಳಿದು ಮುದ್ದೆಗೆ ಕೊಕ್ಕು ಹಾಕಿತು.

"ಆತು, ನಡೀರಿ ಉಣ್ಣಾಣ" ಅಂದರು ಚಿತ್ರಲಿಂಗಪ್ಪ.

ಓಬಕ್ಕ ಸಿಕ್ಕಿಬಿದ್ದಳು.

ಪುಸ್ತಕದ ಹೆಸರು 'ಘಂಟಾನಗರಿ'. ಹಿರಿಯೂರು ಬಸ್‌ಸ್ಟ್ಯಾಂಡಿನ ಹಳೇ ಪುಸ್ತಕದವನ ಹತ್ತಿರ ಕರಿಸಿದ್ದಪ್ಪ ತಂದದ್ದು. ಅವನು ಏಳನೇ ಕ್ಲಾಸು ಓದಿದ್ದ ವಿದ್ವಾಂಸ. ಒಂದು ವರ್ಷ ಪೂರ್ತಿ, ಸಂಜೆ ಕುರಿ ಕೂಡಿದ ಮೇಲೆ, ಓಬಕ್ಕ ಮುದ್ದೆಗೆ ಎಸರು ಇಡುವ ಹೊತ್ತಿಗೆ ಒಲೆಯ ಪಕ್ಕ ಕುಳಿತು ಓದಿ ಹೇಳುತ್ತಿದ್ದ.

ಅಂತಿಂಥ ಕತೆಯಲ್ಲ ಅದು! ಇನ್ನು ನೂರಾರು ವರ್ಷ ಆದಮೇಲೆ ನಡೆಯುವ ಕತೆ. ಲೋಕವೆಲ್ಲ ಸುಟ್ಟು ಬೂದಿಯಾಗಿದೆ. ಉಳಿದವರು ಒಂದು ದೊಡ್ಡ ಗೋಡೆಯೊಳಗೆ ಸೇರಿಕೊಂಡಿದ್ದಾರೆ. ಅಲ್ಲಿ ರಾಜನಿಲ್ಲ, ಮಂತ್ರಿಯಿಲ್ಲ. ಮಹಾಪೂಜಾರಿಗಳದೇ ದರಬಾರು. ಗಂಟೆ ಹೊಡೆದರೆ ಏಳಬೇಕು, ಗಂಟೆ ಹೊಡೆದರೆ ಉಣ್ಣಬೇಕು, ಗಂಟೆ ಹೊಡೆಯದೆ ನಗಬಾರದು. ಗೋಡೆ ಕಾಯುವ ವೀರರು ದೇವರಿಗೇ ಮೀಸಲು. ಅವರಲ್ಲಿ ಯಾರಾದರೂ ಪ್ರೀತಿ ಗೀತಿ ಅಂದರೆ ತಲೆ ಹೋಗುತ್ತದೆ. ಅಂಥ ಜಾಗದಲ್ಲಿ ಭೀಮಧ್ವಜ ಎಂಬ ವೀರನೂ ಶೂಲಿನಿ ಎಂಬ ವೀರವನಿತೆಯೂ ಒಬ್ಬರಿಗೊಬ್ಬರು ಮನಸ್ಸು ಕೊಟ್ಟುಕೊಂಡರು!

"ಉಣ್ಣಾಕೂ ಗಂಟೆನಾ? ಹಸಿವಾಗದಿದ್ರೆ?" ಓಬಕ್ಕ ಕೇಳಿದ್ದಳು.

"ಹಸಿವಾಗ್ಲಿ ಬಿಡ್ಲಿ, ಗಂಟೆ ಆತಂದ್ರೆ ಉಣ್ಬೇಕು."

"ಥೂ! ಅದ್ಯಾವ ಸೀಮೆ ದೇವ್ರು? ಅದಿರ್ಲಿ, ಗೋಡೆ ಒಳಗೆ ಕುರಿ ಎಲ್ಲಿ ಮೇಯಿಸ್ತಾರೆ?"

ಕರಿಸಿದ್ದಪ್ಪ ದಾರ ಕಟ್ಟಿದ ಕನ್ನಡಕ ಮೇಲೆ ತಳ್ಳಿಕೊಂಡು ಪುಟ ನೋಡಿದ. "ಅದು ಮುಂದೆ ಬರ್ತೈತೆ."

ಮಾರನೇ ದಿನ ಬಂತು! ಗೋಡೆಯ ಮೂಲೆಯಲ್ಲಿ ಒಬ್ಬ ಮುದುಕಿ ಪೂಜಾರಿಗಳ ಕಣ್ಣು ತಪ್ಪಿಸಿ ಕುರಿ ಸಾಕಿದ್ದಳಂತೆ. ಓಬಕ್ಕನಿಗೆ ಸಮಾಧಾನವಾಯಿತು. ಕುರಿಯಿಲ್ಲದ ಊರಿನ ಕತೆ ಕೇಳಲು ಅವಳಿಗೆ ಇಷ್ಟವಿರಲಿಲ್ಲ.

ಒಂದು ಸಂಜೆ ಶೂಲಿನಿ ಸಿಕ್ಕಿಬಿದ್ದಳು. ಅವಳನ್ನು ಗಂಟೆ ಕಂಬಕ್ಕೆ ಕಟ್ಟಿದರು. ಖಡ್ಗ ಎತ್ತಿದರು. ಓಬಕ್ಕ ಮುದ್ದೆ ಕೋಲನ್ನು ಎತ್ತಿದಳು.

"ನೋಡು, ಆ ಹುಡುಗಿಗೆ ಏನಾರ ಆತು ಅಂದ್ರೆ ನಾಳೆಯಿಂದ ನಿನಗೆ ಮುದ್ದೆ ಇಲ್ಲ!"

"ನಾನೇನು ಮಾಡ್ಲಿ ಓಬಿ? ಬರೆದೋನು ಬೇರೆ ಐದಾನೆ."

"ಓದೋನು ನೀನಲ್ವಾ?"

ಕರಿಸಿದ್ದಪ್ಪ ಕೆಮ್ಮಿದ. ನೀರು ಕೇಳಿದ. ಕುಡಿದ. ಪುಟ ತಿರುವಿ, ಬೆರಳಿಟ್ಟು ಓದಿದ. ಆ ಹೊತ್ತಿಗೆ ಸರಿಯಾಗಿ ಮುದುಕಿ ತನ್ನ ಕುರಿಗಳನ್ನೆಲ್ಲ ಬಿಟ್ಟಳು! ಕುರಿಗಳು ಪೂಜಾರಿಗಳ ಕಾಲಿಗೆ ಅಡ್ಡ ನುಗ್ಗಿದವು! ದೂಳೋ ದೂಳು! ಗದ್ದಲದಲ್ಲಿ ಶೂಲಿನಿ ಕಟ್ಟು ಬಿಚ್ಚಿಕೊಂಡು, ಮುದುಕಿ ಎಸೆದ ಕಂಬಳಿ ಹೊದ್ದು, ಕುರಿಗಳ ನಡುವೆ ಅಂಬೆಗಾಲಿಟ್ಟು ಪಾರಾದಳು.

"ಶಹಬ್ಬಾಸ್! ಬರೆದೋನು ನಮ್ಮ ಕಡೆಯೋನೇ ಇರ್ಬೇಕು ಕಣಪ್ಪ. ಕುರಿ ಬುದ್ಧಿ ಗೊತ್ತೈತೆ ಅವನಿಗೆ!"

ಅವತ್ತು ಕರಿಸಿದ್ದಪ್ಪನ ಮುದ್ದೆಗೆ ತುಪ್ಪ ಬಿತ್ತು.

ಈಚೆಗೆ ಅವನು ಬಹಳ ನಿಧಾನವಾಗಿ ಓದುತ್ತಿದ್ದ. ಒಂದು ಪುಟವನ್ನೇ ನಾಲ್ಕಾರು ಸಂಜೆ ಎಳೆಯುತ್ತಿದ್ದ. ಕಣ್ಣು ಮಂದವಾಗಿದೆ, ಚಿತ್ರದುರ್ಗಕ್ಕೆ ಹೋಗಿ ತೋರಿಸಬೇಕು ಅಂದುಕೊಂಡಿದ್ದಳು ಓಬಕ್ಕ. "ಪುಟ ಮುಗೀತಾ ಬಂತಲ್ಲೇ" ಎಂದು ಅವನು ಅಂದಾಗ, ಕಣಜದ ರಾಗಿ ಮುಗಿಯುತ್ತಾ ಬಂದವನ ಹಾಗೆ ಕಾಣುತ್ತಿದ್ದ. ಕೊನೆಯ ಸಂಜೆ ಶೂಲಿನಿ ಗೋಡೆಯ ಬಾಗಿಲಿಗೆ ಬಂದು ನಿಂತಿದ್ದಳು. ಬಾಗಿಲಾಚೆ ಭೀಮಧ್ವಜ. ಗಂಟೆ ಹೊಡೆಯುವುದರೊಳಗೆ ದಾಟಬೇಕು.

"ಮುಂದಿಂದು ನಾಳೆ" ಎಂದು ಪುಸ್ತಕ ಮುಚ್ಚಿದ.

ಆ ನಾಳೆಯ ಬೆಳಿಗ್ಗೆಯೇ ಎದೆ ಹಿಡಿದುಕೊಂಡು ಹಟ್ಟಿಯ ಬಾಗಿಲಲ್ಲಿ ಕುಳಿತ.

ಹನ್ನೊಂದನೇ ದಿನದ ಕಾರ್ಯ ಮುಗಿದು ನೆಂಟರು ಹೋದ ಮೇಲೆ ಓಬಕ್ಕ ಪುಸ್ತಕ ತೆಗೆದುಕೊಂಡು ಜಗಲಿಯ ಮೇಲೆ ಕುಳಿತಳು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಗಂಡ ಗುರುತಿಗೆ ಪುಟ ಮಡಿಸಿದ್ದ ಜಾಗ ಬಿಚ್ಚಿದಳು. ಗಂಡನ ಕನ್ನಡಕವನ್ನೇ ಏರಿಸಿದಳು. ಅಕ್ಷರಗಳು ಎಮ್ಮೆಯಷ್ಟು ದಪ್ಪ ಕಂಡವು. ಒಳ್ಳೆಯದೇ ಆಯಿತು ಅಂದುಕೊಂಡಳು. ದಂಡಯಾತ್ರೆ ಶುರುವಾಯಿತು.

ಮೊದಲನೇ ಪದದಲ್ಲೇ ದಂಡು ನಿಂತಿತು. 'ಶಸ್ತ್ರಾಸ್ತ್ರ'. ಅದೇನು ಪದವೋ, ಜಗಳವೋ! ಒಂದರ ಕಾಲು ಇನ್ನೊಂದು ಹಿಡಿದುಕೊಂಡು, ಅದರ ಕಾಲು ಮತ್ತೊಂದು ಹಿಡಿದುಕೊಂಡು ನೇತಾಡುತ್ತಿದ್ದವು.

"ಶ... ಶಸ... ತ... ರ..."

ಪಕ್ಕದ ಮನೆ ಬಾಗಿಲಿಂದ ಮಲ್ಲಕ್ಕ ಕೂಗಿದಳು. "ಯಾಕಕ್ಕ, ಹೊಟ್ಟೆ ನೋವಾ?"

"ಓದ್ತಿದೀನಿ ಕಣೇ!"

"ಓಹೋ! ಓದು, ಓದು. ಸಾರು ಸೀದ ವಾಸನೆ ಬರ್ತೈತೆ, ಅದೂ ಪುಸ್ತಕದಾಗೆ ಐತಾ?"

ಓಬಕ್ಕ ಪುಸ್ತಕವನ್ನು ಜಗಲಿಯ ಮೇಲೆ ಬಿಟ್ಟು ಒಳಗೆ ಓಡಿದಳು. ಸಾರು ಇದ್ದಿಲಾಗಿತ್ತು. ಪಾತ್ರೆ ಇಳಿಸಿ, ಕೈ ಸುಟ್ಟುಕೊಂಡು, ಊದಿಕೊಳ್ಳುತ್ತಾ ಹೊರಗೆ ಬಂದಳು. ಜಗಲಿಯ ಮೇಲೆ ಪಾಳೇಗಾರ ನಿಂತಿದ್ದ.

ಪಾಳೇಗಾರ ಎಂದರೆ ಕರಿಸಿದ್ದಪ್ಪನ ಟಗರು. ಸುರುಳಿ ಕೊಂಬು, ಕರೀ ಮುಖ, ಸೊಕ್ಕಿನ ನಡಿಗೆ. ಯಜಮಾನ ಹೋದಾಗಿನಿಂದ ಮೇವು ಸರಿಯಾಗಿ ಮುಟ್ಟಿರಲಿಲ್ಲ. ಈಗ ಪುಸ್ತಕಕ್ಕೆ ಬಾಯಿ ಹಾಕಿ ಗಬಗಬನೆ ತಿನ್ನುತ್ತಿತ್ತು. ಯಜಮಾನನ ಕೈವಾಸನೆಗೆ ತಿಂದಿತೋ, ಅಂಟಿನ ರುಚಿಗೆ ತಿಂದಿತೋ!

"ಅಯ್ಯಯ್ಯೋ! ಬಿಡೋ! ಬಿಡೋ ನಿನ್ನ ಬಾಯಿ ಸೇದಿಹೋಗ!"

ಪಾಳೇಗಾರ ಪುಸ್ತಕವನ್ನು ಕಚ್ಚಿಕೊಂಡೇ ಜಗಲಿಯಿಂದ ನೆಗೆಯಿತು. ಮಲ್ಲಕ್ಕ ಒಣಹಾಕಿದ್ದ ರಾಗಿಯ ಮೇಲೆ ಹಾದು, ಮಜ್ಜಿಗೆ ಗಡಿಗೆ ಉರುಳಿಸಿ, ಬೀದಿಗೆ ಬಿತ್ತು. ಹಿಂದೆ ಓಬಕ್ಕ. ಅವಳ ಹಿಂದೆ ಕಸಬರಿಗೆ ಹಿಡಿದ ಮಲ್ಲಕ್ಕ. ಎದುರಿಗೆ ಬಂದ ಸಣ್ಣಪ್ಪ, "ನಾನು ಹಿಡೀತೀನಿ ಅತ್ಗೆ!" ಎಂದು ಎರಡೂ ಕೈ ಅಗಲಿಸಿ ನಿಂತ. ಪಾಳೇಗಾರ ತಲೆ ತಗ್ಗಿಸಿತು. ಸಣ್ಣಪ್ಪ ತಿಪ್ಪೆಯಲ್ಲಿದ್ದ.

ಕೊನೆಗೆ ಮಲ್ಲಕ್ಕ ಕೊಂಬು ಹಿಡಿದಳು. ಓಬಕ್ಕ ಅದರ ಬೆನ್ನಿಗೆ ನಾಲ್ಕು ಬಿಗಿದು, ಬಾಯಿಗೆ ಕೈ ಹಾಕಿ ಪುಸ್ತಕ ಎಳೆದುಕೊಂಡಳು. ಮೊದಲಿನ ಭಾಗ ಉಳಿದಿತ್ತು. ಮಡಿಸಿದ್ದ ಪುಟದಿಂದ ಆಚೆಗೆ ಒಂದು ಚೂರೂ ಉಳಿದಿರಲಿಲ್ಲ. ಪಾಳೇಗಾರ ಕಣ್ಣು ಅರೆಮುಚ್ಚಿ ಮೆಲುಕು ಹಾಕುತ್ತಿತ್ತು. ಶೂಲಿನಿ ಬಾಗಿಲು ದಾಟಿದಳೋ ಇಲ್ಲವೋ, ಇಡೀ ಜವನಗೊಂಡನಹಳ್ಳಿಯಲ್ಲಿ ಈಗ ಅದಕ್ಕೊಂದಕ್ಕೇ ಗೊತ್ತು!

ಸಣ್ಣಪ್ಪ ಮೈ ಕೊಡವಿಕೊಂಡು ಎದ್ದ. "ಹೋಗ್ಲಿ ಬಿಡು ಅತ್ಗೆ. ನಾಳೆ ಬೆಳಿಗ್ಗೆ ಹಿಕ್ಕೆಯಾಗೆ ಬರ್ತೈತೆ, ಓದ್ಕಳೀವಂತೆ."

ಮಲ್ಲಕ್ಕ ನಕ್ಕಳು. ಓಬಕ್ಕ ನಗಲಿಲ್ಲ. ಗಂಡ ಹೋದ ದಿನವೂ ಅವಳ ಮುಖ ಅಷ್ಟು ಬಿದ್ದಿರಲಿಲ್ಲ. ಅವತ್ತು ಅವನನ್ನು ಕಳೆದುಕೊಂಡಿದ್ದಳು. ಇವತ್ತು ಅವನು ನಾಳೆ ಹೇಳುತ್ತೇನೆ ಅಂದಿದ್ದ ಮಾತನ್ನೂ ಕಳೆದುಕೊಂಡಳು. ಅದನ್ನು ನೋಡಿ ಮಲ್ಲಕ್ಕನ ನಗು ನಿಂತಿತು.

"ಹಿರಿಯೂರಾಗೆ ಲೈಬ್ರರಿ ಐತಂತಲ್ಲಕ್ಕ. ಇಂಥದೇ ಇನ್ನೊಂದು ಪುಸ್ತಕ ಅಲ್ಲಿರಬೌದು. ಹೋಗಾಣ ಬಾ."

ಚಿತ್ರಲಿಂಗಪ್ಪ ಅಡ್ಡ ಬಂದರು. "ತಿಂಗಳಾಗಿಲ್ಲ. ಗಂಡ ಸತ್ತೋಳು ಬಸ್ಸು ಹತ್ತಿ ಊರೂರು ತಿರುಗ್ತಾರಾ? ಜನ ಏನಂತಾರೆ?"

"ಕಾಗೆ ಮುಂದೆ ಮಾತು ಕೊಟ್ಟೀನಿ ಮಾವ. ಬೇಕಾದ್ರೆ ಅದನ್ನೇ ಕೇಳು."

ಚಿತ್ರಲಿಂಗಪ್ಪ ಜಾಲಿ ಮರದ ಕಡೆ ನೋಡಿ ದಾರಿ ಬಿಟ್ಟರು.

ಲೈಬ್ರರಿಯಲ್ಲಿ ಪುಸ್ತಕ ಕೊಡುವ ಕೆಲಸದಲ್ಲಿದ್ದವಳು ದಾಕ್ಷಾಯಣಮ್ಮ. ಓಬಕ್ಕ ಮೇಜಿನ ಮೇಲೆ ಹರಿದ ಪುಸ್ತಕ ಇಟ್ಟಳು. ದಾಕ್ಷಾಯಣಮ್ಮ ಹಲ್ಲಿನ ಗುರುತು ನೋಡಿದಳು.

"ಇದೇನಮ್ಮ, ಇಲಿ ತಿಂದಿದೆಯಾ?"

"ಟಗರು."

"ಟಗರಾ!"

"ಅದರ ಮಾತು ಬಿಡ್ರಿ. ಇಂಥದು ಇನ್ನೊಂದು ಐತಾ?"

"ಇಲ್ಲ ಕಣಮ್ಮ. ಆದರೆ ನಾನು ಓದಿದ್ದೀನಿ. ಎರಡು ಸಲ ಓದಿದ್ದೀನಿ. ಏನು ಬೇಕಿತ್ತು?"

ಓಬಕ್ಕ ಮಲ್ಲಕ್ಕನ ಕೈ ಹಿಡಿದುಕೊಂಡಳು. "ಶೂಲಿನಿ ಬಾಗಿಲಾಗೆ ನಿಂತಿದ್ಲಲ್ಲ. ದಾಟಿದ್ಲಾ?"

ದಾಕ್ಷಾಯಣಮ್ಮ ಹುಬ್ಬು ಗಂಟು ಹಾಕಿದಳು. "ಯಾವ ಬಾಗಿಲು? ಶೂಲಿನಿ ಅಷ್ಟು ದೂರ ಬರೋದೇ ಇಲ್ಲವಲ್ಲ. ಮೊದಲೇ ಸಾಯ್ತಾಳೆ."

"ಸಾಯ್ತಾಳಾ? ಏನ್ರಿ ನೀವು! ಕಂಬಕ್ಕೆ ಕಟ್ಟಿದ್ರು, ಕಟ್ಟು ಬಿಚ್ಕಂಡು ಪಾರಾದ್ಲು!"

"ಹೇಗೆ ಪಾರಾದಳು?"

"ಮುದುಕಿ ಕುರಿ ಬಿಟ್ಲಲ್ಲ! ಕಂಬಳಿ ಹೊದ್ದುಕಂಡು ಕುರಿ ಮಧ್ಯೆ ಹೋದ್ಲು!"

"ಕುರಿ?" ದಾಕ್ಷಾಯಣಮ್ಮ ಓಬಕ್ಕನ ಮುಖ ನೋಡಿದಳು, ಮಲ್ಲಕ್ಕನ ಮುಖ ನೋಡಿದಳು. "ಅಮ್ಮಾ, ಈ ಪುಸ್ತಕದಲ್ಲಿ ಕುರಿನೇ ಇಲ್ಲ. ಅಲ್ಲಿ ಪ್ರಾಣಿಗಳೆಲ್ಲ ಸತ್ತುಹೋಗಿರ್ತವೆ."

"ನೀವು ಸರಿಯಾಗಿ ಓದಿಲ್ಲ!" ಓಬಕ್ಕನ ದನಿ ಏರಿತು. ಪೇಪರು ಓದುತ್ತಿದ್ದವರು ತಲೆ ಎತ್ತಿದರು. "ಇಂಥ ಕಡೆ ಕೂಡಿಸಿದಾರಲ್ಲ ನಿಮ್ಮನ್ನ! ಮೂರನೇ ಕ್ಲಾಸಿನೋಳಿಗೆ ಗೊತ್ತಿರೋದು ನಿಮಗೆ ಗೊತ್ತಿಲ್ಲ! ನನ್ನ ಗಂಡ ದಿನಾ ಓದಿ ಹೇಳವ್ನೆ. ಒಂದು ವರ್ಷ!"

ದಾಕ್ಷಾಯಣಮ್ಮ ಸಿಟ್ಟಾಗಲಿಲ್ಲ. ಉಳಿದಿದ್ದ ಪುಟಗಳನ್ನು ತಿರುವಿ, ಒಂದು ಕಡೆ ನಿಲ್ಲಿಸಿ ಓದಿದಳು. "'ಗಂಟೆ ಮೊಳಗಿತು. ಖಡ್ಗ ಇಳಿಯಿತು. ಶೂಲಿನಿಯ ತಲೆ ಮೆಟ್ಟಿಲುಗಳ ಮೇಲೆ ಉರುಳಿತು.' ಇಲ್ಲಿದೆ ನೋಡಿ. ಆಮೇಲೆ ಭೀಮಧ್ವಜ ಎಲ್ಲ ಮರೆತು ತಾನೇ ಮಹಾಪೂಜಾರಿ ಆಗ್ತಾನೆ. ಅದೇ ಕೊನೆ."

ಆ ಪುಟದ ಅಂಚಿನಲ್ಲಿ ನೀರು ಬಿದ್ದು ಒಣಗಿದ ಕಲೆ ಇತ್ತು.

ಓಬಕ್ಕ ಆ ಕಲೆ ನೋಡಿದಳು. ಅವನು ಕೆಮ್ಮಿದ್ದು, ನೀರು ಕೇಳಿದ್ದು, ಚೊಂಬು ಎತ್ತಿದಾಗ ಪುಟದ ಮೇಲೆ ಚೆಲ್ಲಿದ್ದು. ತಾನು ಮುದ್ದೆ ಕೋಲು ಎತ್ತಿ ನಿಂತಿದ್ದು.

"ಕಳ್ಳ!" ಎಂದು ಮೇಜಿಗೆ ಹೊಡೆದಳು. "ಸುಳ್ಳ! ಒಂದು ವರ್ಷ ಬೆರಳಿಟ್ಟು ಸುಳ್ಳು ಓದವ್ನೆ! ಪುಟ ಬೇರೆ ತಿರುವ್ತಿದ್ದ!"

ಆಮೇಲೆ ಅಲ್ಲೇ ಕೆಳಗೆ ಕುಳಿತಳು. ದಾಕ್ಷಾಯಣಮ್ಮ ಕುರ್ಚಿ ಬಿಟ್ಟು ಎದ್ದಳು. "ಮೇಲೆ ಕೂತ್ಕೊಳ್ಳಿ ಅಮ್ಮ." ಓಬಕ್ಕನಿಗೆ ಕೇಳಿಸಲಿಲ್ಲ. ಅವನು ಒಂದು ಪುಟವನ್ನು ನಾಲ್ಕಾರು ಸಂಜೆ ಎಳೆಯುತ್ತಿದ್ದದ್ದು ಕಣ್ಣು ಮಂದವಾಗಿ ಅಲ್ಲ. ತಿರುವಲು ಪುಟ ಮುಗಿಯುತ್ತಾ ಬಂದಿತ್ತು.

ಇಬ್ಬರೂ ಬಸ್ಸು ಹತ್ತಿದರು. ಊರು ಹತ್ತಿರ ಬಂದಾಗ ಓಬಕ್ಕ ಅಂದಳು. "ಹಂಗಾರೆ ಪಾಳೇಗಾರ ತಿಂದಿದ್ದು ಬರೀ ಕಾಗದ ಕಣೇ."

"ಹೂಂ ಅಕ್ಕ."

"ಸುಮ್ನೆ ಹೊಡೆದೆ ಪಾಪ."

ಮನೆಗೆ ಬಂದವಳು ಕೈಕಾಲು ತೊಳೆದು ಮುದ್ದೆ ತಿರುವಿದಳು. ತುಪ್ಪ ಹಾಕಿದಳು. ಒಂದು ಕಟ್ಟು ಬೀಡಿಯನ್ನೂ ಸೆರಗಿಗೆ ಸಿಕ್ಕಿಸಿಕೊಂಡು ಹೊಲದ ಬದುವಿಗೆ ಹೋದಳು. ಮಲ್ಲಕ್ಕ ಹಿಂದೆ ಬಂದಳು. ಹಗ್ಗ ಬಿಚ್ಚಿಕೊಂಡು ಪಾಳೇಗಾರನೂ ಬಂತು.

ಓಬಕ್ಕ ಮಣ್ಣಿನ ಗುಡ್ಡೆಯ ಮೇಲೆ ಎಲೆ ಹಾಸಿ ಮುದ್ದೆ ಇಟ್ಟಳು. ಬೀಡಿ ಇಟ್ಟಳು.

"ತಗ. ಹುಡುಗಿ ಬದುಕವ್ಳೆ. ಮುದ್ದೆ ಉಣ್ಣು."

ಎಲೆಯ ಅಂಚು ಸರಿ ಮಾಡಿದಳು.

"ಓದಿ ಮುಗಿಸ್ತೀನಿ ಅಂತ ಕಾಗೆ ಮುಂದೆ ಮಾತು ಕೊಟ್ಟಿದ್ದೆ. ನೀನೇ ಓದಿಲ್ಲ, ನಾನೇನು ಓದ್ಲಿ?"

ಸೂರ್ಯ ಮುಳುಗುತ್ತಿದ್ದ. ಜಾಲಿ ಮರದಲ್ಲಿ ಒಂದು ಕಾಗೆಯೂ ಇರಲಿಲ್ಲ, ಎಲ್ಲ ಗೂಡಿಗೆ ಹೋಗಿದ್ದವು. ಪಾಳೇಗಾರ ಮುಂದೆ ನಡೆದು, ಮಣ್ಣು ಮೂಸಿ, ಮುದ್ದೆಗೆ ಬಾಯಿ ಹಾಕಿತು.

"ಹಚಾ! ಎಡೆ ಮುಟ್ತೈತೆ ಅಕ್ಕ! ಓಡ್ಸು!"

"ತಿನ್ಲಿ ಬಿಡು. ಅವನ ಕೈಯಾಗೆ ಬೆಳೆದಿದ್ದೇ ಅಲ್ವಾ."

ಮಲ್ಲಕ್ಕ ಕಸಿವಿಸಿಗೊಂಡು ಕಾಲು ಬದಲಿಸಿದಳು. ಏನೋ ಹೇಳಬೇಕು, ಹೇಳಲು ನಾಚಿಕೆ.

"ಅಕ್ಕ, ಒಂದು ಮಾತು. ನಮ್ಮ ಒಲೆ ನಿಮ್ಮ ಗೋಡೆಗೇ ಐತಲ್ಲ. ಭಾವ ಓದೋದು ನನಗೂ ಕೇಳ್ತಿತ್ತು. ದಿನಾ ಕೇಳ್ತಿದ್ದೆ. ಆ ಹುಡುಗಿ ಬಾಗಿಲಾಗೆ ನಿಂತವ್ಳೆ, ಆಚೆ ಅವನು ನಿಂತವ್ನೆ. ಪುಸ್ತಕದಾಗೆ ಇಲ್ದಿದ್ರೆ ಹೋಗ್ಲಿ. ನೀನೇ ಹೇಳು, ದಾಟಿಸು."

ಓಬಕ್ಕ ಬಾಯಿ ತೆರೆದಳು. ಶೂಲಿನಿಯ ಕಾಲನ್ನು ಒಂದು ಹೆಜ್ಜೆ ಮುಂದಿಡಿಸಲು ನೋಡಿದಳು. ಹೊಸ್ತಿಲಿನ ಈಚೆ ನಿಂತವಳು ಚೆನ್ನಾಗಿ ಕಾಣುತ್ತಿದ್ದಳು. ಆಚೆಯದು ಏನೂ ಕಾಣಲಿಲ್ಲ. ಒಂದಕ್ಷರ ಬಿಡಲ್ಲ ಎಂದು ಇದೇ ಜಾಗದಲ್ಲಿ ಕೂಗಿದ್ದ ಬಾಯಿಂದ ಒಂದಕ್ಷರವೂ ಹೊರಡಲಿಲ್ಲ.

"ಮುಂದಿಂದು?" ಅಂದಳು ಮಲ್ಲಕ್ಕ.

"ಓದೋನು ಹೋದ್ನಲ್ಲೇ."

ಪಾಳೇಗಾರ ಮುದ್ದೆ ಮುಗಿಸಿ ಬೀಡಿ ಕಟ್ಟಿಗೆ ಬಾಯಿ ಹಾಕಿತು.